ಸುಬಾ ಇಟ್ರಾಕೊನಾಜೋಲ್ 50: ಆರು ವಾರ ನುಂಗಿದ ಮೇಲೆ

ಸೊಂಟದ ಸುತ್ತ ಹುಳಕಡ್ಡಿ ಎದ್ದು ನಾಲ್ಕು ತಿಂಗಳು ಕಾಡಿತು. ಮೊದಲು ಹೋದ ಕ್ಲಿನಿಕ್‌ನಲ್ಲಿ ಇಟ್ರಾಕೊನಾಜೋಲ್ ಅನ್ನೋ ಫಂಗಸ್ ಔಷಧದ 100 ಮಿಲಿಗ್ರಾಂ ಸಾದಾ ಕ್ಯಾಪ್ಸೂಲ್ ಬರೆದುಕೊಟ್ಟರು. ನಾನು ಆಗಲೇ ಗ್ಯಾಸ್ಟ್ರಿಕ್‌ಗೆ ದಿನಾ ಬೆಳಗ್ಗೆ ಪ್ಯಾಂಟೊಪ್ರಜೋಲ್ ತೆಗೆದುಕೊಳ್ಳುತ್ತಿದ್ದೆ, ಅದನ್ನು ಯಾರೂ ಕೇಳಲಿಲ್ಲ, ಹೇಳಬೇಕು ಅಂತ ನನಗೂ ಗೊತ್ತಿರಲಿಲ್ಲ. ಒಂದು ತಿಂಗಳು ನುಂಗಿದೆ. ಕೆರೆತ ಹಾಗೇ ಇತ್ತು.

ಎರಡನೇ ಡಾಕ್ಟರ್ ನನ್ನ ಮಾತ್ರೆಗಳನ್ನೆಲ್ಲ ನೋಡಿದ ತಕ್ಷಣ ವಿಷಯ ಹಿಡಿದರು. ಇಟ್ರಾಕೊನಾಜೋಲ್ ನೀರಿನಲ್ಲಿ ಕರಗುವುದೇ ಇಲ್ಲ ಅನ್ನಬಹುದು, 1 ಲೀಟರ್‌ಗೆ ಸುಮಾರು 1 ಮೈಕ್ರೋಗ್ರಾಂ ಅಷ್ಟೇ. ಲೆಕ್ಕ ಹಾಕಿ ನೋಡಿ, 100 ಮಿಲಿಗ್ರಾಂ ಕರಗಿಸೋಕೆ 1 ಲಕ್ಷ ಲೀಟರ್ ನೀರು ಬೇಕು, ಅಂದರೆ 10 ಸಾವಿರ ಲೀಟರಿನ ಹತ್ತು ಟ್ಯಾಂಕರ್! ಹೊಟ್ಟೆಯ ಆಮ್ಲದಲ್ಲಿ ಮಾತ್ರ ಸ್ವಲ್ಪ ಜಾಸ್ತಿ ಕರಗುತ್ತದೆ. ಅದಕ್ಕೇ ಸಾದಾ ಕ್ಯಾಪ್ಸೂಲನ್ನು ಹೊಟ್ಟೆ ತುಂಬ ಉಂಡ ಕೂಡಲೇ ತೆಗೆದುಕೊಳ್ಳಬೇಕು. ನಾನೋ ಪ್ಯಾಂಟೊಪ್ರಜೋಲ್‌ನಿಂದ ಆಮ್ಲವನ್ನೇ ಅಡಗಿಸಿ ಅದನ್ನು ನುಂಗುತ್ತಿದ್ದೆ.

ಉಳಿದಿದ್ದ ಒಂದು ಕ್ಯಾಪ್ಸೂಲ್ ಬಿಚ್ಚಿ ತಟ್ಟೆಗೆ ಸುರಿದೆ. ಗಸಗಸೆಗಿಂತ ತುಸು ದಪ್ಪನೆಯ ಬಿಳಿ ಕಾಳುಗಳು ಉರುಳಿದವು. ಜೀರಿಗೆ ಪೆಪ್ಪರ್‌ಮೆಂಟಿನಲ್ಲಿ ಜೀರಿಗೆ ಮೇಲೆ ಸಕ್ಕರೆ ಇರುತ್ತದೆ ಅಲ್ವಾ, ಇಲ್ಲಿ ಸಕ್ಕರೆ ಗುಂಡಿನ ಮೇಲೆ ಔಷಧದ ಲೇಪ. ಆ ಲೇಪದಲ್ಲಿ ಔಷಧವನ್ನು ಪಾಲಿಮರ್ ಜೊತೆ ಬೆರೆಸಿ ಹರಳುಗಟ್ಟದಂತೆ ಇಟ್ಟಿರುತ್ತಾರೆ, ಹರಳಾದರೆ ಕರಗುವುದು ಇನ್ನೂ ಕಷ್ಟ. ಕಾಳಿನ ಗಾತ್ರ, ಸಂಖ್ಯೆ ಎಲ್ಲಾ ಕಂಪನಿಗೂ ಒಂದೇ ಅಲ್ಲ. ನಮ್ಮಲ್ಲಿ ಚರ್ಮದ ಡಾಕ್ಟರುಗಳು ಕಾಳು ಎಣಿಸಿ ನೋಡಿದ್ದು ಇದಕ್ಕೇ.

ಎರಡನೇ ಡಾಕ್ಟರ್ ಬರೆದುಕೊಟ್ಟಿದ್ದು ಸುಬಾ, ಅದೇ ಔಷಧದ ಇನ್ನೊಂದು ರೂಪ. ಇದರಲ್ಲಿ ಪಾಲಿಮರ್ರೇ ಬೇರೆ. ಹೊಟ್ಟೆಯ ಆಮ್ಲದಲ್ಲಿ ಅದು ಔಷಧವನ್ನು ಹಿಡಿದುಕೊಂಡಿರುತ್ತದೆ, ಕರುಳಿಗೆ ಇಳಿದ ಮೇಲೆ ತಾನು ಕರಗಿ ಬಿಟ್ಟುಕೊಡುತ್ತದೆ. ಹಾಗಾಗಿ ಗ್ಯಾಸ್ಟ್ರಿಕ್ ಮಾತ್ರೆ ಇದಕ್ಕೆ ಅಷ್ಟಾಗಿ ಅಡ್ಡ ಬರುವುದಿಲ್ಲ. 50 ಅಂತ ಬರೆದಿದ್ದರೂ ಸಾದಾ 100ರಷ್ಟೇ ರಕ್ತಕ್ಕೆ ಸೇರುತ್ತದೆ.

ನನಗೆ ದಿನಕ್ಕೆ ಎರಡು ಕೊಟ್ಟರು. ಎರಡನೇ ವಾರ ಕೆರೆತ ನಿಂತಿತು, ಆರನೇ ವಾರಕ್ಕೆ ಬರೀ ಕಪ್ಪು ಕಲೆ ಉಳಿಯಿತು. ನಡುವೆ ಲಿವರ್ ಟೆಸ್ಟ್ ಮಾಡಿಸಿದರು. ಹಾರ್ಟ್ ಫೇಲ್ಯೂರ್ ಇರುವವರಿಗೆ, ಕೊಲೆಸ್ಟ್ರಾಲ್‌ಗೆ ಸಿಮ್ವಾಸ್ಟಾಟಿನ್ ನುಂಗುವವರಿಗೆ ಇದು ಅಪಾಯ, ಸುಮ್ನೆ ಅಂಗಡಿಯಲ್ಲಿ ಕೇಳಿ ತಂದು ನುಂಗಬೇಡಿ.

ಬೆಲೆ ಜಾಸ್ತಿಯೇ. ಇನ್ನೊಂದು ತೊಂದರೆ, ಸ್ಟ್ರಿಪ್ ಮೇಲೆ ಸುಬಾ ಅನ್ನೋ ಅಕ್ಷರ ಕಣ್ಣಿಗೆ ಬೀಳದಷ್ಟು ಸಣ್ಣದು. ಒಂದು ಅಂಗಡಿಯಲ್ಲಿ "50 ಇಲ್ಲ, ಸಾದಾ 100 ಇದೆ, ಇದು ಇನ್ನೂ ಸ್ಟ್ರಾಂಗು" ಅಂತ ಕೈಗಿಟ್ಟರು. ವಾಪಸ್ ಕೊಟ್ಟು ಮುಂದಿನ ಅಂಗಡಿಗೆ ನಡೆದೆ.