ಕಾಳಿ ಅಳಿವೆಯಲ್ಲಿ ದೋಣಿ ಕಟ್ಟಲು ಯಾವ ಹಗ್ಗ, ಯಾವ ಶ್ಯಾಕಲ್?

ಕಾರವಾರದ ಕೋಡಿಬಾಗದ ಬಳಿ ನನ್ನ 16 ಅಡಿಯ ಫೈಬರ್ ಹಾಯಿದೋಣಿ ಅಕ್ಟೋಬರ್‌ನಿಂದ ಮೇ ತನಕ ನೀರಲ್ಲೇ ಇರುತ್ತದೆ. ತಳದಲ್ಲಿ ಕಾಂಕ್ರೀಟ್ ದಿಮ್ಮಿ, ಅದಕ್ಕೆ ಸರಪಳಿ, ಮೇಲೆ ತೇಲುವ ಬೋಯಾ, ಅಲ್ಲಿಂದ ದೋಣಿಯ ಮೂತಿಗೆ ಹಗ್ಗ. ಸರಪಳಿಯನ್ನು ಜೋಡಿಸಲು ಪಿನ್ ಹಾಕಿ ಮುಚ್ಚುವ U ಆಕಾರದ ಲೋಹದ ತುಂಡೇ ಶ್ಯಾಕಲ್. ಎರಡು ಹಂಗಾಮಿನಲ್ಲಿ ಇವನ್ನೆಲ್ಲ ಬದಲಿಸಿ ನೋಡಿದ್ದೇನೆ.

ಮೊದಲ ವರ್ಷ ಹಾಕಿದ್ದು ಮೀನುಗಾರರು ಬಳಸುವ 14 ಮಿ.ಮೀ. ಪಾಲಿಪ್ರೊಪಿಲೀನ್ ಹಗ್ಗ. ಅಗ್ಗ, ಕೊಳೆಯುವುದಿಲ್ಲ, ಆದರೆ ತೇಲುತ್ತದೆ. ಮಧ್ಯಾಹ್ನ ಇಳಿತದ ನೀರು ದೋಣಿಯನ್ನು ಪಶ್ಚಿಮಕ್ಕೆ ಎಳೆಯುವಾಗಲೇ ಕಡಲಗಾಳಿ ಪೂರ್ವಕ್ಕೆ ತಳ್ಳುತ್ತದೆ. ದೋಣಿ ತನ್ನ ಹಗ್ಗದ ಮೇಲೇ ಬಂದು ನಿಂತು, ತೇಲುವ ಹಗ್ಗ ಚುಕ್ಕಾಣಿಗೆ ಸುತ್ತಿಕೊಳ್ಳುತ್ತದೆ. ಪಕ್ಕದ ದೋಣಿಯ ತಾಂಡೇಲರು ನೋಡಿದವರೇ, "ತಮಾ, ಇದು ಬಲೆಗೆ ಆಯ್ತು, ದೋಣಿ ಕಟ್ಟೂಕೆ ಆಗೂದಿಲ್ಲ" ಅಂದರು. ಏಪ್ರಿಲ್ ಹೊತ್ತಿಗೆ ಬಿಸಿಲಿಗೆ ಎಳೆಗಳು ಪುಡಿಯಾಗಿ, ಹಿಡಿದರೆ ಬೆರಳಿಗೆ ಚುಚ್ಚುತ್ತಿದ್ದವು. ಮರುವರ್ಷ ಮೂರೆಳೆಯ ನೈಲಾನ್ ತಂದೆ. ಬೆಲೆ ಎರಡು ಪಟ್ಟಿಗಿಂತ ಹೆಚ್ಚು. ಅದು ಮುಳುಗುತ್ತದೆ, ಅಲೆ ಜಗ್ಗಿದಾಗ ಹಿಗ್ಗಿ ಪೆಟ್ಟನ್ನು ತಾನೇ ನುಂಗುತ್ತದೆ. ನೆನೆದರೆ ಬಲ ಶೇ 10-15ರಷ್ಟು ಕುಂದುತ್ತದೆ. ಹಾಗಾಗಿ 16 ಮಿ.ಮೀ. ತೆಗೆದುಕೊಂಡೆ.

ಆದರೆ ನನ್ನ ದೋಣಿಗೆ ನಿಜವಾದ ಅಪಾಯ ಇದ್ದದ್ದು ಶ್ಯಾಕಲ್‌ನಲ್ಲಿ. ತುಕ್ಕು ಹಿಡಿಯಬಾರದೆಂದು 316 ದರ್ಜೆಯ ಸ್ಟೇನ್‌ಲೆಸ್ ಶ್ಯಾಕಲ್ ಹಾಕಿದ್ದೆ. ಮೇ ಕೊನೆಯಲ್ಲಿ ಸರಪಳಿ ಎತ್ತಿ, ಅಂಟಿದ ಚಿಪ್ಪನ್ನು ಉಳಿಯಿಂದ ಕೆರೆದಾಗ ಶ್ಯಾಕಲ್ ಹೊಸದರಂತೆ ಹೊಳೆಯಿತು. ಅದಕ್ಕೆ ತಾಗಿದ್ದ ಸರಪಳಿಯ ಕೊಂಡಿ ಮಾತ್ರ ಕೆಂಪಾಗಿತ್ತು. ವರ್ನಿಯರ್ ಹಿಡಿದರೆ 8 ಮಿ.ಮೀ. ಇದ್ದದ್ದು 6ಕ್ಕೆ ಇಳಿದಿತ್ತು. ಉಪ್ಪುನೀರಲ್ಲಿ ಸ್ಟೇನ್‌ಲೆಸ್‌ಗೆ ಗ್ಯಾಲ್ವನೈಸ್ಡ್ (ಸತು ಲೇಪಿಸಿದ) ಸರಪಳಿ ತಾಗಿಕೊಂಡಿದ್ದರೆ ಸತು ಮೊದಲು ಕರಗುತ್ತದೆ, ಆಮೇಲೆ ಅದರಡಿಯ ಕಬ್ಬಿಣ. ಇನ್ನೊಂದು ತಿಂಗಳು ಬಿಟ್ಟಿದ್ದರೆ ದೋಣಿ ಎಲ್ಲಿ ಹೋಗುತ್ತಿತ್ತೋ ಎಂದು ಆ ಕೊಂಡಿ ಕೈಯಲ್ಲಿ ಹಿಡಿದು ನಿಜಕ್ಕೂ ಹೆದರಿದೆ. ಶ್ಯಾಕಲ್‌ನ ಪಿನ್ನಿನ ತಿರುಪಿನಲ್ಲೂ ಸೂಜಿಮೊನೆಯಷ್ಟು ಗುಳಿಗಳಿದ್ದವು: ಗಾಳಿಯಾಡದ ಸಂದಿಯಲ್ಲಿ ಸ್ಟೇನ್‌ಲೆಸ್ ತನ್ನ ರಕ್ಷಣಾ ಪದರ ಉಳಿಸಿಕೊಳ್ಳುವುದಿಲ್ಲ.

ಈಗ ಸರಪಳಿಯಂಥದ್ದೇ ಗ್ಯಾಲ್ವನೈಸ್ಡ್ ಶ್ಯಾಕಲ್, ಸರಪಳಿಗಿಂತ ಒಂದು ಅಳತೆ ದಪ್ಪದ್ದು. ಬಿಳಿ ಪುಡಿ ಬಂದು, ನಂತರ ಕೆಂಪಾಗುತ್ತದೆ; ಸವೆತ ಕಣ್ಣಿಗೆ ಕಾಣುತ್ತದೆ. ಪಿನ್ ಬಿಚ್ಚಿಕೊಳ್ಳದಂತೆ ಗ್ಯಾಲ್ವನೈಸ್ಡ್ ತಂತಿಯಿಂದ ಬಿಗಿದಿದ್ದೇನೆ. ಪ್ಲಾಸ್ಟಿಕ್ ಟೈ ನಂಬಬೇಡಿ.

ಸ್ಟೇನ್‌ಲೆಸ್ ಬೇಡವೆಂದಲ್ಲ. ಡೆಕ್ ಮೇಲಿನ ಕ್ಲೀಟ್‌ಗೆ (ಹಗ್ಗ ಸುತ್ತಿ ಕಟ್ಟುವ ಲೋಹದ ಕೊಂಬು) ಅದೇ ಸರಿ, ಅಲ್ಲಿ ಗಾಳಿಯೂ ಇದೆ, ಮಳೆನೀರೂ ತೊಳೆಯುತ್ತದೆ. ಎರಡು ಸ್ಕ್ರೂ ಇದ್ದ ಹಳೆಯ 4 ಇಂಚಿನ ಅಲ್ಯೂಮಿನಿಯಂ ಕ್ಲೀಟ್ ಅಲುಗಾಡುತ್ತಿತ್ತು. ಈಗಿನದು 8 ಇಂಚು, ನಾಲ್ಕು ಬೋಲ್ಟ್ ಡೆಕ್ ದಾಟಿ ಕೆಳಗಿನ ದಪ್ಪ ಹಲಗೆಯಲ್ಲಿ ಕೂತಿವೆ.

ಹಗ್ಗ ಉಜ್ಜುವಲ್ಲಿ ಮೊದಲು ಪಿವಿಸಿ ಪೈಪ್ ತೊಡಿಸಿದ್ದೆ. ಒಳಗೆ ನೀರು ಹೋಗದೆ, ಉಜ್ಜಾಟದ ಬಿಸಿಗೆ ನೈಲಾನ್ ಎಳೆಗಳು ಗಾಜಿನಂತೆ ಗಟ್ಟಿಯಾದವು. ಹಳೆಯ ಅಗ್ನಿಶಾಮಕ ಹೋಸ್‌ನ ಒಂದು ಮೊಳ ತುಂಡು ಹಾಕಿದ ಮೇಲೆ ಆ ಜಾಗದ ಹಗ್ಗ ಇಂದಿಗೂ ಮೆತ್ತಗಿದೆ.