ಲಾಡ್ಜಿನ ‘ಗುಪ್ತರೋಗ ತಜ್ಞ’ನ ಬಾಗಿಲು ತಟ್ಟುವ ಮೊದಲು ಇದನ್ನು ಓದಿ

ಮರ್ಮಾಂಗದ ಮೇಲೆ ಗುಳ್ಳೆ ಎದ್ದರೆ ಗಂಡಸು ಮೊದಲು ಮಾಡುವುದು ಬಚ್ಚಿಡುವ ಕೆಲಸ. ನಾನೂ ಅದನ್ನೇ ಮಾಡಿದೆ. ಹದಿನಾಲ್ಕು ಸಾವಿರ ರೂಪಾಯಿ ಹೋಯಿತು, ಮನೆಯ ನೆಮ್ಮದಿ ಹೋಯಿತು. ಹೆಸರು ಹೇಳುವುದಿಲ್ಲ. ದಾವಣಗೆರೆಯ ಎಪಿಎಂಸಿಯಲ್ಲಿ ಮೆಕ್ಕೆಜೋಳದ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ, ಅಷ್ಟು ಸಾಕು.

ದುಗ್ಗಮ್ಮನ ಜಾತ್ರೆಗೆಂದು ಹಳೇ ಊರಿನ ನೆಂಟರ ಮನೆಯಲ್ಲಿ ಉಂಡು ಬಂದ ಮರುದಿನ ಭೇದಿ ಹತ್ತಿತು. ಔಷಧಿ ಅಂಗಡಿಯವನು ವೈದ್ಯರ ಚೀಟಿ ಕೇಳದೆ ಮಾತ್ರೆ ಕೊಟ್ಟ. ಎರಡು ನುಂಗಿದೆ, ಭೇದಿ ನಿಂತಿತು. ಮಾರನೆಯ ಬೆಳಿಗ್ಗೆ ಶಿಶ್ನದ ತುದಿಯಲ್ಲಿ ಒಂದು ನಾಣ್ಯದಗಲ ಕೆಂಪಗಾಗಿ ಉರಿಯುತ್ತಿತ್ತು. ಸಂಜೆಗೆ ಅದರ ನಡುವೆ ನೀರು ತುಂಬಿದ ಗುಳ್ಳೆ. ಒಡೆದು, ಒಣಗಿ, ಹತ್ತು ದಿನದಲ್ಲಿ ಮಾಯಿತು. ಆದರೆ ಬೂದು ಬಣ್ಣದ ಕಲೆಯೊಂದು ಉಳಿಯಿತು. ಬಿಸಿಲಿನ ಸೆಕೆಗೆ ಆಗಿರಬೇಕು ಎಂದು ಸುಮ್ಮನಾದೆ.

ಮಳೆಗಾಲದಲ್ಲಿ ಮತ್ತೆ ಹೊಟ್ಟೆ ಕೆಟ್ಟಿತು. ಅಂದು ಉಳಿದಿದ್ದ ಮಾತ್ರೆಗಳು ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲೇ ಇದ್ದವು, ಒಂದು ನುಂಗಿದೆ. ಈ ಸಲ ನಾಲ್ಕೈದು ಗಂಟೆಯೊಳಗೆ ಅದೇ ಕಲೆ ಕೆಂಪೇರಿ, ಅದರ ಮೇಲೆಯೇ ಗುಳ್ಳೆ ಎದ್ದಿತು. ಎರಡಕ್ಕೂ ಸಂಬಂಧ ಇರಬಹುದೆಂದು ನನಗೆ ಹೊಳೆಯಲೇ ಇಲ್ಲ. ಅದೇ ಔಷಧಿ ಅಂಗಡಿಯವನ ಕಿವಿಯಲ್ಲಿ ‘ತೊಡೆ ಸಂದಿಯಲ್ಲಿ ತುರಿಕೆ’ ಎಂದು ಸುಳ್ಳು ಹೇಳಿ ಮುಲಾಮು ತಂದೆ. ಸ್ಟೀರಾಯ್ಡ್, ಶಿಲೀಂಧ್ರನಾಶಕ, ಆ್ಯಂಟಿಬಯೋಟಿಕ್ ಮೂರನ್ನೂ ಬೆರೆಸಿದ ಮುಲಾಮು ಅದು. ಇಂಥವನ್ನು ಆ ತೆಳುವಾದ ಚರ್ಮಕ್ಕೆ ವಾರಗಟ್ಟಲೆ ಹಚ್ಚಿದರೆ ಚರ್ಮ ಇನ್ನಷ್ಟು ತೆಳುವಾಗುತ್ತದೆ, ನಿಜವಾಗಿ ಸೋಂಕಿದ್ದರೆ ಅದು ಮರೆಯಲ್ಲೇ ಬೆಳೆಯುತ್ತದೆ ಎಂದು ಆಮೇಲೆ ತಿಳಿಯಿತು.

ಆಗ ಕಣ್ಣಿಗೆ ಬಿದ್ದದ್ದು ಬಸ್ ನಿಲ್ದಾಣದ ಶೌಚಾಲಯದ ಗೋಡೆಯ ಪೋಸ್ಟರ್. ಲಾಡ್ಜಿನ ಕೋಣೆಯೊಂದರಲ್ಲಿ, ತಿಂಗಳಿಗೆ ಎರಡು ದಿನ, ‘ಗುಪ್ತರೋಗ ತಜ್ಞರ’ ಭೇಟಿ. ಹೋದೆ. ಮಂಚದ ಮೇಲೆ ಹಾಳೆ ಹಾಸಿ ಕುಳಿತಿದ್ದ ಆತ ಕೈಗವಸು ಹಾಕಲಿಲ್ಲ, ಹತ್ತಿರ ಬಂದು ನೋಡಲೂ ಇಲ್ಲ. ‘ಹಳೆಯ ರೋಗ, ರಕ್ತಕ್ಕೆ ಇಳಿದಿದೆ, ಹೆಂಡತಿಗೂ ಔಷಧ ಕೊಡದಿದ್ದರೆ ಮಕ್ಕಳಿಗೂ ತಗಲುತ್ತದೆ’ ಎಂದ. ಒಂದು ಚೀಲ ಪುಡಿ ಪೊಟ್ಟಣ, ಒಂದು ಸೀಸೆ ಎಣ್ಣೆ. ಹಣವನ್ನು ಎರಡು ಕಂತಿನಲ್ಲಿ ಎಣಿಸಿಕೊಂಡ, ರಸೀದಿ ಕೊಡಲಿಲ್ಲ. ಆ ಎಣ್ಣೆ ಹಚ್ಚಿದ ರಾತ್ರಿ ಗುಳ್ಳೆಯ ಸುತ್ತಲಿನ ಚರ್ಮವೂ ಸುಲಿದು ಬಂತು. ಪಂಚೆಯ ಬಟ್ಟೆ ತಾಗಿದರೂ ಜೀವ ಹೋಗುವಂತಾಗುತ್ತಿತ್ತು.

ಅದಕ್ಕಿಂತ ದೊಡ್ಡ ತಪ್ಪು ಮಾಡಿದ್ದು ಮನೆಯಲ್ಲಿ. ‘ನಿನಗೂ ಔಷಧ ಬೇಕಂತೆ’ ಎಂದೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ಕೈ ನಿಂತಿತು. ‘ಯಾವ ಊರಿನಲ್ಲಿ ಏನು ಮಾಡಿ ಬಂದಿರಿ?’ ಎಂದು ಕೇಳಿದಳು. ಏನೂ ಮಾಡಿಲ್ಲ ಎಂದರೆ ನಂಬುವುದು ಹೇಗೆ? ಮರುದಿನ ಮಗಳನ್ನು ಕರೆದುಕೊಂಡು ಹೊಳಲ್ಕೆರೆಯ ತವರಿಗೆ ಹೋದಳು.

ಜಿಲ್ಲಾ ಆಸ್ಪತ್ರೆಯ ಚರ್ಮ ಮತ್ತು ಲೈಂಗಿಕ ರೋಗ ವಿಭಾಗಕ್ಕೆ ನಾನು ಹೋದದ್ದು ಅದಾದ ಮೇಲೆ. ವೈದ್ಯೆ ದೀಪ ಹತ್ತಿರ ಎಳೆದು ನೋಡಿದರು. ಮೂರು ಪ್ರಶ್ನೆ ಕೇಳಿದರು: ಪ್ರತಿ ಸಲವೂ ಇದೇ ಜಾಗವೇ? ಮಾಯ್ದ ಮೇಲೆ ಕಲೆ ಉಳಿಯುತ್ತದೆಯೇ? ಗುಳ್ಳೆ ಏಳುವ ಮೊದಲು ಯಾವ ಮಾತ್ರೆ ನುಂಗಿದ್ದಿರಿ? ಮೂರನೆಯ ಪ್ರಶ್ನೆಗೆ ನನ್ನ ಬಾಯಿ ಒಣಗಿತು. ಮರುದಿನ ಮಾತ್ರೆಯ ಸ್ಟ್ರಿಪ್ ತಂದು ತೋರಿಸಿದೆ. ಆಫ್ಲಾಕ್ಸಾಸಿನ್ ಮತ್ತು ಆರ್ನಿಡಜೋಲ್ ಎರಡೂ ಸೇರಿದ ಮಾತ್ರೆ. ಇದು ಔಷಧಿಯ ಅಲರ್ಜಿ, ‘ಫಿಕ್ಸ್ಡ್ ಡ್ರಗ್ ಎರಪ್ಷನ್’ ಎನ್ನುತ್ತಾರೆ, ಯಾರಿಂದಲೂ ಬಂದದ್ದಲ್ಲ, ಯಾರಿಗೂ ಹರಡುವುದಿಲ್ಲ ಎಂದರು. ನೋವಿನ ಮಾತ್ರೆಗಳು, ಸಲ್ಫಾ ಮಾತ್ರೆಗಳು, ಡಾಕ್ಸಿಸೈಕ್ಲಿನ್, ಕೆಲವರಿಗೆ ಪ್ಯಾರಾಸಿಟಮಾಲ್ ಕೂಡ ಹೀಗೆ ಮಾಡುತ್ತವಂತೆ. ತುಟಿ ಮತ್ತು ಮರ್ಮಾಂಗ ಇದಕ್ಕೆ ಇಷ್ಟದ ಜಾಗಗಳು. ಎರಡರಲ್ಲಿ ಯಾವುದು ಕಾರಣ ಎಂದು ಮನೆಯಲ್ಲಿ ನುಂಗಿ ಪರೀಕ್ಷೆ ಮಾಡಬೇಡಿ, ಎರಡನ್ನೂ ಬಿಡಿ ಎಂದು ಒತ್ತಿ ಹೇಳಿದರು. ಕೆಲವು ದಿನಕ್ಕೆ ಮಾತ್ರ ಒಂದು ಮುಲಾಮು ಬರೆದುಕೊಟ್ಟರು. ವಾರ ಕಳೆಯುವಷ್ಟರಲ್ಲಿ ಗಾಯ ಒಣಗಿತು.

ಆದರೂ ಎಚ್‌ಐವಿ ಮತ್ತು ಸಿಫಿಲಿಸ್ ರಕ್ತಪರೀಕ್ಷೆ ಮಾಡಿಸಿದರು. ಅದು ಸರಿಯಾದ ಕ್ರಮ, ಬೇಸರ ಮಾಡಿಕೊಳ್ಳಬೇಡಿ. ನನ್ನದು ಮಾತ್ರೆಯಿಂದ ಬಂತು ಎಂದು ನಿಮ್ಮದೂ ಹಾಗೇ ಎಂದುಕೊಳ್ಳುವಂತಿಲ್ಲ. ಸಣ್ಣ ನೀರ್ಗುಳ್ಳೆಗಳು ಗುಂಪಾಗಿ ಎದ್ದು, ಒಡೆದು ನೋಯುವ ಹುಣ್ಣಾದರೆ ಅದು ಹರ್ಪಿಸ್ ಇರಬಹುದು. ಆ ವೈರಾಣು ದೇಹದಲ್ಲೇ ಉಳಿಯುತ್ತದೆ, ನಿಜ. ಆದರೆ ಮೊದಲ ಎರಡು ಮೂರು ದಿನದಲ್ಲೇ ವೈದ್ಯರ ಸಲಹೆಯಂತೆ ಅಸೈಕ್ಲೋವಿರ್ ಶುರು ಮಾಡಿದರೆ ನೋವೂ ಕಡಿಮೆ, ಹುಣ್ಣು ಬೇಗ ಮಾಯುತ್ತದೆ. ನೋವೇ ಇಲ್ಲದ ಒಂಟಿ ಹುಣ್ಣಿಗೆ ಇನ್ನೂ ಹೆಚ್ಚು ಹೆದರಬೇಕು. ಸಿಫಿಲಿಸ್ ಹುಣ್ಣು ಮೂರರಿಂದ ಆರು ವಾರದಲ್ಲಿ ತಾನಾಗಿ ಮಾಯುತ್ತದೆ, ರೋಗ ಮಾತ್ರ ಒಳಗೇ ಇರುತ್ತದೆ. ಪೆನಿಸಿಲಿನ್ ಚುಚ್ಚುಮದ್ದಿನಿಂದ ವಾಸಿಯಾಗುವ ಅದನ್ನು ಪುಡಿ ಪೊಟ್ಟಣ ತಿನ್ನುತ್ತಾ ವರ್ಷಗಟ್ಟಲೆ ಹೊತ್ತು ತಿರುಗುವವರು ಇದ್ದಾರೆ. ರಾತ್ರಿ ತುರಿಕೆ ಹೆಚ್ಚಾಗಿ, ಮನೆಯವರೆಲ್ಲರೂ ಕೆರೆದುಕೊಳ್ಳುತ್ತಿದ್ದರೆ ಕಜ್ಜಿ, ಎಲ್ಲರೂ ಒಟ್ಟಿಗೆ ಔಷಧ ಹಚ್ಚಿಕೊಳ್ಳಬೇಕು. ಮುಂದೊಗಲು ಬಿರುಕುಬಿಟ್ಟು ಬೆಳ್ಳಗಾಗುತ್ತಿದ್ದರೆ ಸಕ್ಕರೆ ಪ್ರಮಾಣ ನೋಡಿಸಿ. ಗುಳ್ಳೆಯನ್ನು ಚುಚ್ಚಬೇಡಿ, ಡೆಟಾಲ್ ಸುರಿಯಬೇಡಿ. ಮಾಯುವವರೆಗೂ ಲೈಂಗಿಕ ಸಂಪರ್ಕ ಬೇಡ. ಮಾತ್ರೆ ನುಂಗಿದ ಮೇಲೆ ಬಾಯಿ, ಕಣ್ಣುಗಳಲ್ಲೂ ಹುಣ್ಣಾಗಿ ಜ್ವರ ಬಂದರೆ, ಮೈ ಚರ್ಮ ಸುಲಿಯತೊಡಗಿದರೆ ಆ ರಾತ್ರಿಯೇ ಆಸ್ಪತ್ರೆ ಸೇರಿ, ಅದು ಪ್ರಾಣಕ್ಕೆ ಕುತ್ತು.

ಸರ್ಕಾರಿ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್‌ನಲ್ಲಿ ಲೈಂಗಿಕ ಸೋಂಕುಗಳ ಪರೀಕ್ಷೆ, ಔಷಧ ಎರಡೂ ಉಚಿತ, ವಿವರ ಗುಟ್ಟಾಗಿ ಇಡುತ್ತಾರೆ. ಯಾರನ್ನು ಕೇಳುವುದು ಎಂದು ತಿಳಿಯದಿದ್ದರೆ 1097ಕ್ಕೆ ಕರೆ ಮಾಡಿ, ದುಡ್ಡು ಬೀಳುವುದಿಲ್ಲ.

ಹೊಳಲ್ಕೆರೆಗೆ ಹೋಗಿ ಆಸ್ಪತ್ರೆಯ ಚೀಟಿಯನ್ನು ಅವಳ ಕೈಗೆ ಕೊಟ್ಟೆ. ಓದಿದಳು, ಏನೂ ಹೇಳಲಿಲ್ಲ. ಮುಂದಿನ ಭೇಟಿಗೆ ಜೊತೆಗೇ ಬಂದಳು, ತನಗಿದ್ದ ಅನುಮಾನಗಳನ್ನೆಲ್ಲ ವೈದ್ಯೆಯ ಬಳಿ ತಾನೇ ಕೇಳಿದಳು. ನಾನು ಹೊರಗಿನ ಬೆಂಚಿನ ಮೇಲೆ ಕುಳಿತಿದ್ದೆ. ಈಗ ನಮ್ಮ ಮನೆಯ ಬೀರುವಿನ ಒಳಬಾಗಿಲಿಗೆ ಆ ಎರಡು ಔಷಧಿಗಳ ಹೆಸರು ಬರೆದ ಕಾಗದ ಅಂಟಿಸಿದೆ. ಅಕ್ಷರ ಅವಳದು.