‘4ಕೆ ಸಪೋರ್ಟ್’ ಅಂತ ಬರೆದಿರುವ ಮಾನಿಟರ್ ಕೊಳ್ಳುವ ಮುಂಚೆ ಇದನ್ನು ಓದಿ

ಲ್ಯಾಪ್‌ಟಾಪ್‌ಗೆ ಜೋಡಿಸಿಕೊಳ್ಳಲು ದೊಡ್ಡ ಮಾನಿಟರ್ ಹುಡುಕುತ್ತಿದ್ದೀರಾ? ಮಾರಾಟದ ಪುಟದಲ್ಲಿ ‘32 ಇಂಚು, 4ಕೆ ಸಪೋರ್ಟ್’ ಅಂತ ಕಂಡರೆ ದಯವಿಟ್ಟು ಅಲ್ಲೇ ಸ್ವಲ್ಪ ನಿಲ್ಲಿ. ಆ 4ಕೆ (ಅಂದರೆ 3840 × 2160 ಪಿಕ್ಸೆಲ್) ಅನ್ನೋದು ಪರದೆಯ ರೆಸಲ್ಯೂಷನ್, ಅಂದರೆ ಪರದೆಯಲ್ಲಿ ನಿಜವಾಗಿ ಇರುವ ಪಿಕ್ಸೆಲ್‌ಗಳ ಲೆಕ್ಕ, ಆಗಿರಬೇಕು ಅಂತೇನಿಲ್ಲ. ಆ ಮಾನಿಟರ್ ಕಂಪ್ಯೂಟರ್‌ನಿಂದ ತೆಗೆದುಕೊಳ್ಳಬಲ್ಲ ಸಿಗ್ನಲ್ ಅಷ್ಟೇ ಆಗಿರಬಹುದು. ಇವೆರಡೂ ಬೇರೆ ಬೇರೆ. ಇದರಲ್ಲಿ ನನ್ನ ದುಡ್ಡೂ ಸಿಕ್ಕಿಕೊಂಡಿತು, ನೆಮ್ಮದಿಯೂ ಹಾಳಾಯಿತು. ಇನ್ನೊಬ್ಬರಿಗೆ ಹೀಗಾಗಬಾರದು ಅಂತ ಎಲ್ಲವನ್ನೂ ಬಿಡಿಸಿ ಬರೆಯುತ್ತಿದ್ದೇನೆ.

ನನ್ನ ಕೆಲಸವೆಲ್ಲ ಅಕ್ಷರಗಳ ಜೊತೆ. ದಿನವಿಡೀ ಕನ್ನಡ ಕರಡು ತಿದ್ದುತ್ತೇನೆ. ಮೂಲ ಪ್ರತಿ ಒಂದು ಕಡೆ, ತಿದ್ದುವ ಪ್ರತಿ ಇನ್ನೊಂದು ಕಡೆ ತೆರೆದಿರಬೇಕು. ಹಾಗಾಗಿ ದೊಡ್ಡ ಪರದೆ, ನಿಚ್ಚಳವಾದ ಅಕ್ಷರ, ಇವೆರಡೇ ನನಗೆ ಬೇಕಿದ್ದದ್ದು. ಆನ್‌ಲೈನ್‌ನಲ್ಲಿ ಸಿಕ್ಕ ಒಂದು ಮಾನಿಟರ್‌ನ ಹೆಸರಿನಲ್ಲೇ 32 ಇಂಚು, 4ಕೆ ಯುಎಚ್‌ಡಿ ಸಪೋರ್ಟ್, ಐಪಿಎಸ್ (ಪರದೆಯ ಒಂದು ಬಗೆ), ಎಚ್‌ಡಿಆರ್ (ಬೆಳಕು ನೆರಳಿನ ವ್ಯತ್ಯಾಸ ಹೆಚ್ಚಾಗಿ ತೋರಿಸುವುದು) ಎಲ್ಲ ಇತ್ತು. ಬೆಲೆ ಅದೇ ಅಳತೆಯ ಬೇರೆ 4ಕೆ ಮಾನಿಟರ್‌ಗಳಿಗಿಂತ ಕಡಿಮೆ. ಆದರೆ ಅನುಮಾನ ಹುಟ್ಟಿಸುವಷ್ಟು ಕಡಿಮೆಯೇನೂ ಅಲ್ಲ. ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ, ‘ತೀರಾ ಅಗ್ಗವಾದದ್ದನ್ನು ನಂಬಬೇಡಿ’ ಅನ್ನೋ ಸಲಹೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಮಾನಿಟರ್ ಬಂತು. ಜೋಡಿಸಿದೆ. ಡಿಸ್‌ಪ್ಲೇ ಸೆಟ್ಟಿಂಗ್ಸ್ ತೆರೆದರೆ ರೆಸಲ್ಯೂಷನ್ ಪಟ್ಟಿಯಲ್ಲಿ 3840 × 2160 ಇತ್ತು. ಆರಿಸಿದೆ, ಪರದೆ ಒಪ್ಪಿಕೊಂಡಿತು. ಒಂದು ವಿಡಿಯೋ ಹಾಕಿ ನೋಡಿದೆ, ಚೆನ್ನಾಗಿಯೇ ಕಂಡಿತು.

ಆಮೇಲೆ ಕರಡು ತೆರೆದೆ. ಕನ್ನಡದಲ್ಲಿ ದ, ಥ, ಧ ಮೂರರ ಮೈಕಟ್ಟು ಹೆಚ್ಚುಕಡಿಮೆ ಒಂದೇ. ಥ ಒಳಗೆ ಒಂದು ಚುಕ್ಕೆ, ಧ ಕೆಳಗೆ ಒಂದು ಸಣ್ಣ ಸೀಳು, ವ್ಯತ್ಯಾಸ ಅಷ್ಟೇ. ಆ ಪರದೆಯಲ್ಲಿ ಚುಕ್ಕೆ ಬೂದು ಕಲೆಯಾಗಿತ್ತು. ಸೀಳು ಮುಚ್ಚಿಹೋಗಿತ್ತು. ಪ, ಫ, ಷ ಗೊತ್ತಾಗಬೇಕಾದರೆ ಪೂರ್ತಿ ಪದ ಓದಬೇಕಿತ್ತು. ಒತ್ತಕ್ಷರಗಳಂತೂ ನೆನೆದ ಕಾಗದದ ಮೇಲೆ ಮಸಿ ಹರಡಿದ ಹಾಗೆ. ಅಕ್ಷರ ದೊಡ್ಡದು ಮಾಡಿದೆ, ಫಾಂಟ್ ಬದಲಿಸಿದೆ, ಸ್ಕೇಲಿಂಗ್ (ಪರದೆಯ ಮೇಲಿನದನ್ನೆಲ್ಲ ದೊಡ್ಡದಾಗಿ ತೋರಿಸುವ ಸೆಟ್ಟಿಂಗ್) 150 ಪರ್ಸೆಂಟ್‌ಗೆ ಏರಿಸಿದೆ, ಕೇಬಲ್ ಬದಲಿಸಿದೆ. ಆ ಮಂಜು ಹೋಗಲಿಲ್ಲ. ಸಂಜೆ ಹೊತ್ತಿಗೆ ಕಣ್ಣುರಿ, ತಲೆನೋವು. ಒಂದು ತಪ್ಪು ಒತ್ತು ಕಣ್ತಪ್ಪಿ ಅಚ್ಚಿಗೆ ಹೋದರೆ ಏನು ಗತಿ ಅನ್ನೋ ಭಯ ಬೇರೆ.

ಸತ್ಯ ಹೊರಬಿದ್ದದ್ದು ರೆಸಲ್ಯೂಷನ್ ಇಳಿಸಿದಾಗ. ಪಟ್ಟಿಯಲ್ಲಿ 1920 × 1080 ಆರಿಸಿದ ಕೂಡಲೇ ಅಕ್ಷರಗಳು ದೊಡ್ಡದಾದವು, ಒರಟಾದವು, ಆದರೆ ಅಂಚು ಶುಭ್ರವಾಯಿತು. ಥ ಒಳಗಿನ ಚುಕ್ಕೆ ಚುಕ್ಕೆಯಾಗಿಯೇ ಕಂಡಿತು. ನಿಜವಾದ 4ಕೆ ಪರದೆಯಲ್ಲಿ ಹೀಗಾಗಲು ಸಾಧ್ಯವೇ ಇಲ್ಲ. ರೆಸಲ್ಯೂಷನ್ ಇಳಿಸಿದರೆ ಅಂಚು ಮಸುಕಾಗಬೇಕು ಇಲ್ಲವೇ ಮೆಟ್ಟಿಲು ಮೆಟ್ಟಿಲಾಗಬೇಕು. ಇಳಿಸಿದಾಗ ನಿಚ್ಚಳವಾಯಿತು ಅಂದರೆ ಪರದೆ ಹುಟ್ಟಿದ್ದೇ 1920 × 1080 ಆಗಿ.

ಒಳಗೆ ನಡೆಯುವುದು ಇಷ್ಟು. ಹೆಚ್ಚುಕಡಿಮೆ ಎಲ್ಲ ಮಾನಿಟರ್‌ನಲ್ಲೂ ಸ್ಕೇಲರ್ ಅನ್ನೋ ಚಿಪ್ ಇರುತ್ತದೆ. ಬಂದ ಚಿತ್ರವನ್ನು ಪ್ಯಾನೆಲ್‌ನ, ಅಂದರೆ ಚಿತ್ರ ಮೂಡುವ ಪರದೆಯ, ಅಳತೆಗೆ ಹೊಂದಿಸುವುದು ಅದರ ಕೆಲಸ. 4ಕೆ ಚಿತ್ರದಲ್ಲಿ ಸುಮಾರು 83 ಲಕ್ಷ ಪಿಕ್ಸೆಲ್ ಇರುತ್ತವೆ. ಫುಲ್ ಎಚ್‌ಡಿ (1920 × 1080) ಪ್ಯಾನೆಲ್‌ನಲ್ಲಿ ಇರುವುದು ಸುಮಾರು 21 ಲಕ್ಷ. ನನ್ನ ಮಾನಿಟರ್ ನಾಲ್ಕು ಪಿಕ್ಸೆಲ್ ಕಲಸಿ ಒಂದು ಮಾಡಿ ತೋರಿಸುತ್ತಿತ್ತು. ಯಾವ ರೆಸಲ್ಯೂಷನ್ ನಡೆಯುತ್ತದೆ ಅಂತ ಕಂಪ್ಯೂಟರ್‌ಗೆ ಹೇಳುವುದೂ ಮಾನಿಟರೇ. ಅದು ‘4ಕೆ ಕಳಿಸು’ ಅಂದರೆ ಕಂಪ್ಯೂಟರ್ ಕಳಿಸುತ್ತದೆ. ಆದ್ದರಿಂದ ಸೆಟ್ಟಿಂಗ್ಸ್‌ನಲ್ಲಿ 3840 × 2160 ಕಂಡಿತು ಅನ್ನೋದು ಯಾವುದಕ್ಕೂ ಸಾಕ್ಷಿ ಅಲ್ಲ.

ಸಾಕ್ಷಿ ಬೇಕಿದ್ದರೆ ಹೀಗೆ ಮಾಡಿ. ಚಿತ್ರ ಬರೆಯುವ ಯಾವುದಾದರೂ ತಂತ್ರಾಂಶದಲ್ಲಿ 3840 × 2160 ಅಳತೆಯ ಚಿತ್ರ ಮಾಡಿ. ಒಂದು ಪಿಕ್ಸೆಲ್ ಕಪ್ಪು ಗೆರೆ, ಒಂದು ಪಿಕ್ಸೆಲ್ ಬಿಳಿ ಗೆರೆ, ಹೀಗೆ ಒಂದರ ಪಕ್ಕ ಒಂದು ತುಂಬಿಸಿ. ಹಿಗ್ಗಿಸದೆ, ಕುಗ್ಗಿಸದೆ ಪೂರ್ತಿ ಪರದೆಗೆ ಹಾಕಿ ಹತ್ತಿರದಿಂದ ನೋಡಿ. ನಿಜವಾದ 4ಕೆ ಆದರೆ ಕೂದಲೆಳೆಯಂಥ ಗೆರೆಗಳು ಬೇರೆ ಬೇರೆ ಕಾಣುತ್ತವೆ. ನನ್ನ ಪರದೆಯಲ್ಲಿ ಒಂದು ಗೆರೆಯೂ ಕಾಣಲಿಲ್ಲ, ಇಡೀ ಪರದೆ ಬೂದು ಬಣ್ಣ. ಮೊಬೈಲ್‌ನಲ್ಲಿ ಹತ್ತಿರದಿಂದ ಅದರ ಫೋಟೋ ತೆಗೆದಿಟ್ಟುಕೊಂಡೆ.

ಆಮೇಲೆ ಮಾರಾಟದ ಪುಟಕ್ಕೆ ಹೋಗಿ ಒಂದೊಂದೇ ಸಾಲು ನೋಡಿದೆ. ಎಲ್ಲಿಯೂ ‘ನೇಟಿವ್ ರೆಸಲ್ಯೂಷನ್’, ಅಂದರೆ ಪರದೆಯ ಅಸಲಿ ರೆಸಲ್ಯೂಷನ್, ಅನ್ನೋ ಮಾತಿಲ್ಲ. ಇದ್ದದ್ದು ‘ಮ್ಯಾಕ್ಸಿಮಮ್ ಸಪೋರ್ಟೆಡ್ ರೆಸಲ್ಯೂಷನ್’ ಮಾತ್ರ. ಕಟ್ಟಕಡೆಯಲ್ಲಿ, ತೂಕ, ವೋಲ್ಟೇಜ್ ಇವೆಲ್ಲದರ ಕೆಳಗೆ, ಇನ್ನೊಂದು ಸಾಲಿತ್ತು. ‘ಪಿಕ್ಸೆಲ್ ಪಿಚ್ 0.363 ಮಿಮೀ.’ ಈ ಒಂದು ಸಾಲು ಎಲ್ಲವನ್ನೂ ಹೇಳುತ್ತದೆ. ಪಿಕ್ಸೆಲ್ ಪಿಚ್ ಅಂದರೆ ಒಂದು ಪಿಕ್ಸೆಲ್‌ನ ನಡುವಿನಿಂದ ಪಕ್ಕದ ಪಿಕ್ಸೆಲ್‌ನ ನಡುವಿಗೆ ಇರುವ ದೂರ. ಟೇಪ್ ಹಿಡಿದು ಪರದೆಯ ಅಗಲ ಅಳೆದೆ, ಚೌಕಟ್ಟು ಬಿಟ್ಟು 69.7 ಸೆಂಟಿಮೀಟರ್. ಅಂದರೆ 697 ಮಿಮೀ. ಅದನ್ನು 0.363ರಿಂದ ಭಾಗಿಸಿದರೆ 1920 ಬರುತ್ತದೆ. 32 ಇಂಚಿನ ನಿಜವಾದ 4ಕೆ ಪರದೆಯಲ್ಲಿ ಈ ಅಂಕಿ 0.18 ಆಸುಪಾಸಿನಲ್ಲಿರಬೇಕು. ಹೆಸರಿನಲ್ಲಿ ಏನು ಬೇಕಾದರೂ ಬರೆಯಬಹುದು. ಈ ಅಂಕಿಯನ್ನು ತಿರುಚಲು ಸಾಮಾನ್ಯವಾಗಿ ಯಾರೂ ಹೋಗುವುದಿಲ್ಲ. ನೀವು ಮೊದಲು ಹುಡುಕಬೇಕಾದದ್ದು ಇದನ್ನೇ.

ವಾಪಸ್ ಕೊಡಲು ಹೋದಾಗ ಶುರುವಾಯಿತು ನೋಡಿ ಇನ್ನೊಂದು ಗೋಳು. ರಿಟರ್ನ್ ಕಾರಣದ ಪಟ್ಟಿಯಲ್ಲಿ ‘ದೋಷವಿದೆ’ ಅಂತ ಆರಿಸಿದ್ದೆ. ಅದಕ್ಕೆ ಪರೀಕ್ಷೆ ಮಾಡಲು ಒಬ್ಬರನ್ನು ಕಳಿಸಿದರು. ಅವರು ಆನ್ ಮಾಡಿದರು, ವಿಡಿಯೋ ಹಾಕಿದರು, ‘ಸರಿಯಾಗಿ ಕೆಲಸ ಮಾಡುತ್ತಿದೆ’ ಅಂತ ಬರೆದುಕೊಂಡು ಹೋದರು. ಅವರದೇನೂ ತಪ್ಪಿಲ್ಲ, ಪರದೆ ಕೆಟ್ಟಿರಲಿಲ್ಲವಲ್ಲ. ಮಾರಾಟಗಾರರ ಉತ್ತರ ಇನ್ನೂ ನಯವಾಗಿತ್ತು: ‘ನಾವು 4ಕೆ ಸಪೋರ್ಟ್ ಅಂದಿದ್ದೇವೆ, 4ಕೆ ವಿಡಿಯೋ ಓಡುತ್ತಿದೆ, ಇನ್ನೇನು?’ ಓದಿ ನನಗೆ ತುಂಬಾ ಸಿಟ್ಟು ಬಂತು. ಕೊಳ್ಳುವವರು ಹೇಗೆ ಅರ್ಥ ಮಾಡಿಕೊಳ್ಳುತ್ತಾರೆ ಅಂತ ಗೊತ್ತಿದ್ದೇ ಆರಿಸಿದ ಮಾತು ಅದು.

ಕೊನೆಗೆ ಕೆಲಸಕ್ಕೆ ಬಂದದ್ದು ಕಾರಣ ಬದಲಿಸಿದ್ದು. ‘ವಿವರಣೆಗೆ ತಕ್ಕಂತೆ ಇಲ್ಲ’ ಅಂತ ಹೊಸ ದೂರು ಹಾಕಿದೆ. ಮಾರಾಟದ ಪುಟದ ಸ್ಕ್ರೀನ್‌ಶಾಟ್, ಪಿಕ್ಸೆಲ್ ಪಿಚ್‌ನ ಲೆಕ್ಕ, ಟೇಪ್ ಹಿಡಿದ ಫೋಟೋ, ಬೂದು ಪರದೆಯ ಫೋಟೋ ಎಲ್ಲ ಜೊತೆಗೆ ಕೊಟ್ಟೆ. ಬಹಳ ಎಳೆದಾಡಿ ಒಪ್ಪಿದರು, ಸಾಗಣೆ ಖರ್ಚು ಹಿಡಿದುಕೊಂಡೇ ದುಡ್ಡು ಕೊಟ್ಟರು. ಖಾಲಿ ಪೆಟ್ಟಿಗೆ, ಒಳಗಿನ ಥರ್ಮಾಕೋಲ್ ಎಲ್ಲ ಇಟ್ಟುಕೊಂಡಿದ್ದರಿಂದ ವಾಪಸ್ ಕಳಿಸಲು ಆಯಿತು. ನೀವೂ ರಿಟರ್ನ್ ಗಡುವು ಮುಗಿಯುವವರೆಗೆ ಪೆಟ್ಟಿಗೆ ಎಸೆಯಬೇಡಿ.

ಈಗ ಅಳತೆಯ ವಿಷಯ. ಮೋಸವೇ ಇಲ್ಲದ ಮಾನಿಟರ್ ಕೊಂಡರೂ ಎಷ್ಟೋ ಜನ ಇಲ್ಲಿ ನಿರಾಸೆ ಪಡುತ್ತಾರೆ. ಇಂಚು ಬೇರೆ, ರೆಸಲ್ಯೂಷನ್ ಬೇರೆ ಅಂತ ನೋಡಬೇಡಿ, ಎರಡನ್ನೂ ಒಟ್ಟಿಗೆ ನೋಡಿ. ಒಂದು ಇಂಚಿನಲ್ಲಿ ಎಷ್ಟು ಪಿಕ್ಸೆಲ್ ಇವೆ ಅನ್ನೋದೇ ಅಕ್ಷರದ ಹಣೆಬರಹ ಬರೆಯುವುದು. ಲೆಕ್ಕ ಸುಲಭ. ಮೂಲೆಯಿಂದ ಮೂಲೆಗೆ ಎಣಿಸಿದರೆ ಫುಲ್ ಎಚ್‌ಡಿಗೆ 2203 ಪಿಕ್ಸೆಲ್, 2560 × 1440ಕ್ಕೆ 2937, 4ಕೆಗೆ 4406. ಇದನ್ನು ಇಂಚಿನಿಂದ ಭಾಗಿಸಿ, ಅಷ್ಟೇ.

ಫುಲ್ ಎಚ್‌ಡಿ 24 ಇಂಚಿನಲ್ಲಿ ಇಂಚಿಗೆ ಸುಮಾರು 92 ಪಿಕ್ಸೆಲ್ ಬರುತ್ತವೆ. ದಿನನಿತ್ಯದ ಕೆಲಸಕ್ಕೆ ಅದು ನಡೆಯುತ್ತದೆ. ಅದೇ ಫುಲ್ ಎಚ್‌ಡಿ 27 ಇಂಚಿಗೆ ಹೋದರೆ 82ಕ್ಕೆ ಇಳಿಯುತ್ತದೆ, ಸಣ್ಣ ಅಕ್ಷರದ ಅಂಚು ಒರಟಾಗಿ ಕಾಣಲು ಶುರುವಾಗುತ್ತದೆ. 32 ಇಂಚಿನಲ್ಲಿ ಬರೀ 69. ದೂರದಿಂದ ಸಿನಿಮಾ ನೋಡಲು ತೊಂದರೆಯಿಲ್ಲ, ಕೈಯಳತೆ ದೂರದಲ್ಲಿ ಕೂತು ಓದಲು ಬೇಡವೇ ಬೇಡ. 27 ಇಂಚಿಗೆ 2560 × 1440 ಆದರೆ 109. ಓದು ಬರಹಕ್ಕೆ ನನ್ನ ಪ್ರಕಾರ ಇದು ಬೆಲೆಗೆ ತಕ್ಕ ಆಯ್ಕೆ. ಸ್ಕೇಲಿಂಗ್ ತಂಟೆಯೂ ಕಡಿಮೆ. ಈಗ ನಾನು ಬಳಸುತ್ತಿರುವುದೂ ಇದೇ. 27 ಇಂಚಿನ 4ಕೆಯಲ್ಲಿ 163, ಅಕ್ಷರ ಅಚ್ಚಿನ ಪುಟಕ್ಕೆ ಹತ್ತಿರ ಹೋಗುತ್ತದೆ. ಆದರೆ ಸ್ಕೇಲಿಂಗ್ ಏರಿಸದೆ ಅಲ್ಲಿ ಓದಲು ಆಗಲ್ಲ. ಏರಿಸಿದ ಮೇಲೆ ಜಾಗ ಅಂದುಕೊಂಡಷ್ಟು ಸಿಗುವುದಿಲ್ಲ. ಜಾಗವೂ ಬೇಕು, ಸ್ಪಷ್ಟತೆಯೂ ಬೇಕು ಅನ್ನುವವರಿಗೆ 32 ಇಂಚಿನ ನಿಜವಾದ 4ಕೆ ಒಳ್ಳೆಯದು, ಅಲ್ಲಿ 138 ಬರುತ್ತದೆ. 32 ಇಂಚಿಗೆ 2560 × 1440 ತೆಗೆದುಕೊಂಡರೆ ಮತ್ತೆ ಅದೇ 92. ಅಂದರೆ 24 ಇಂಚಿನ ಫುಲ್ ಎಚ್‌ಡಿಯಷ್ಟೇ ಸ್ಪಷ್ಟತೆ, ಜಾಗ ಮಾತ್ರ ಜಾಸ್ತಿ.

ಇಂಚು ಅಂದರೆ ಮೂಲೆಯಿಂದ ಮೂಲೆಗೆ ಅನ್ನೋದು ಅಗಲದ ಪರದೆಗಳಲ್ಲಿ ತುಂಬಾ ದಾರಿ ತಪ್ಪಿಸುತ್ತದೆ. 34 ಇಂಚಿನ ಅಲ್ಟ್ರಾವೈಡ್‌ನ ಎತ್ತರ ಸಾಮಾನ್ಯ 27 ಇಂಚಿನದಕ್ಕಿಂತ ಹೆಚ್ಚೇನೂ ಇಲ್ಲ. 29 ಇಂಚಿನದು ಎತ್ತರದಲ್ಲಿ 23 ಇಂಚಿಗೆ ಸಮ. ಉದ್ದನೆಯ ಪುಟ ಓದುವವರು ಇದನ್ನು ನೆನಪಿಡಿ.

ಕೇಬಲ್ ಮತ್ತು ಅದನ್ನು ಸಿಕ್ಕಿಸುವ ಕಿಂಡಿ (ಪೋರ್ಟ್) ಇನ್ನೊಂದು ಅಡ್ಡಿ. ನಿಜವಾದ 4ಕೆ ಮಾನಿಟರ್ ತಂದು ಹಳೆಯ ಲ್ಯಾಪ್‌ಟಾಪ್‌ಗೆ ಹಾಕಿದರೆ, ಅದರ ಎಚ್‌ಡಿಎಂಐ (ಚಿತ್ರ ಸಾಗಿಸುವ ಕಿಂಡಿ) 1.4 ಆಗಿದ್ದರೆ, 4ಕೆಯಲ್ಲಿ ಸೆಕೆಂಡಿಗೆ 30 ಸಲ ಮಾತ್ರ ಚಿತ್ರ ಬದಲಾಗುತ್ತದೆ. ಮೌಸ್ ಬಾಣ ಎಳೆದುಕೊಂಡು ಬಂದ ಹಾಗೆ ಅನ್ನಿಸುತ್ತದೆ. 60 ಹರ್ಟ್ಸ್, ಅಂದರೆ ಸೆಕೆಂಡಿಗೆ 60 ಸಲ, ಬೇಕಾದರೆ ಎಚ್‌ಡಿಎಂಐ 2.0 ಅಥವಾ ಡಿಸ್‌ಪ್ಲೇಪೋರ್ಟ್ 1.2, ಇಲ್ಲವೇ ಅದಕ್ಕಿಂತ ಹೊಸದು ಎರಡೂ ಕಡೆ ಇರಬೇಕು. ಯುಎಸ್‌ಬಿ-ಸಿ ಕಿಂಡಿ ಇದ್ದ ಮಾತ್ರಕ್ಕೆ ಅದರಿಂದ ಚಿತ್ರ ಬರುತ್ತದೆ ಅಂತಲ್ಲ, ಕೆಲವು ಬರೀ ಚಾರ್ಜಿಂಗ್ ಮತ್ತು ಡೇಟಾಕ್ಕೆ ಇರುತ್ತವೆ. ಮಾನಿಟರ್ ಕೊಳ್ಳುವ ಮುಂಚೆ ನಿಮ್ಮ ಲ್ಯಾಪ್‌ಟಾಪ್‌ನ ಕೈಪಿಡಿಯಲ್ಲಿ ಇದನ್ನು ನೋಡಿಬಿಡಿ.

ಜಾಹೀರಾತಿನ ಬೇರೆ ಅಂಕಿಗಳ ಬಗ್ಗೆ ಸ್ವಲ್ಪದರಲ್ಲೇ ಹೇಳುತ್ತೇನೆ. ಐಪಿಎಸ್ ಮಾನಿಟರ್‌ಗೆ ಕಾಂಟ್ರಾಸ್ಟ್ (ಬಿಳಿಗೂ ಕಪ್ಪಿಗೂ ಇರುವ ಬೆಳಕಿನ ಅನುಪಾತ) ‘10 ಲಕ್ಷಕ್ಕೆ 1’ ಅಂತಿದ್ದರೆ ಅದು ಡೈನಮಿಕ್ ಲೆಕ್ಕ, ಅಂದರೆ ಹಿಂಬದಿಯ ಬೆಳಕನ್ನು ಏರಿಸಿ ಇಳಿಸಿ ಅಳೆದದ್ದು. ಸಾಮಾನ್ಯ ಐಪಿಎಸ್ ಪ್ಯಾನೆಲ್‌ನ ಅಸಲಿ ಅನುಪಾತ 1000ಕ್ಕೆ 1ರ ಹತ್ತಿರ ಇರುತ್ತದೆ. ‘ಎಚ್‌ಡಿಆರ್ ಸಪೋರ್ಟ್’ ಕೂಡ ‘4ಕೆ ಸಪೋರ್ಟ್’ನ ಅಣ್ಣತಮ್ಮನೇ. ಸಿಗ್ನಲ್ ತೆಗೆದುಕೊಳ್ಳುತ್ತದೆ, ತೋರಿಸುವಷ್ಟು ಬೆಳಕು ಇರಬೇಕು ಅಂತೇನಿಲ್ಲ. ‘2ಕೆ’ ಅಂತ ಬರೆದಿದ್ದರೆ ನಿಖರವಾದ ಅಂಕಿ ಕೇಳಿ, ಒಬ್ಬರು 2560 × 1440ಕ್ಕೆ ಹಾಗಂದರೆ ಇನ್ನೊಬ್ಬರು 1920 × 1080ಕ್ಕೇ ಹಾಗನ್ನುತ್ತಾರೆ.

ಬೆಲೆ ಹೋಲಿಸುವಾಗ ಬರೀ ಇಂಚು ಹಿಡಿದು ಹೋಲಿಸಬೇಡಿ. ಅದೇ ಇಂಚಿನ ಮೂರು ರೆಸಲ್ಯೂಷನ್‌ಗಳ ಬೆಲೆಯನ್ನು ಪಕ್ಕಪಕ್ಕ ಇಟ್ಟು ನೋಡಿ. ‘4ಕೆ’ ಅಂತ ಹೇಳಿಕೊಳ್ಳುವ ಮಾನಿಟರ್‌ನ ಬೆಲೆ ಅದೇ ಅಳತೆಯ 2560 × 1440ಕ್ಕಿಂತ ಕೆಳಗಿದ್ದರೆ ಅನುಮಾನಪಡಲು ಅಷ್ಟು ಸಾಕು. ನಾನು ಕೊಂಡದ್ದು ಹೀಗೆಯೇ ಇತ್ತು, ಬೇರೆ 4ಕೆ ಮಾನಿಟರ್‌ಗಳ ಜೊತೆಗಷ್ಟೇ ಹೋಲಿಸಿದ್ದರಿಂದ ಆಗ ಅನುಮಾನ ಬರಲಿಲ್ಲ. ಕೈಯಲ್ಲಿರುವ ದುಡ್ಡು ಕಡಿಮೆಯಿದ್ದರೆ ಇಂಚು ಇಳಿಸಿ, ಇಂಚಿಗೆ ಬರುವ ಪಿಕ್ಸೆಲ್ ಇಳಿಸಬೇಡಿ. ಉಳಿದ ದುಡ್ಡಿನಲ್ಲಿ ಎತ್ತರ ಹೆಚ್ಚುಕಡಿಮೆ ಮಾಡಬಹುದಾದ ಸ್ಟ್ಯಾಂಡ್ ಇರುವುದನ್ನು ನೋಡಿ, ಕುತ್ತಿಗೆಗೆ ಅದು ದೊಡ್ಡ ಉಪಕಾರ.

ಕೊಳ್ಳುವ ಮುಂಚೆ ಮಾರಾಟಗಾರರಿಗೆ ಈ ಪ್ರಶ್ನೆಯನ್ನು ಬರೆದೇ ಕೇಳಿ: ‘ಈ ಪ್ಯಾನೆಲ್‌ನ ನೇಟಿವ್ ರೆಸಲ್ಯೂಷನ್ ಎಷ್ಟು? ಪಿಕ್ಸೆಲ್ ಪಿಚ್ ಎಷ್ಟು ಮಿಲಿಮೀಟರ್?’ ಉತ್ತರದಲ್ಲಿ ಅಂಕಿಗಳು ಬಂದರೆ ಸ್ಕ್ರೀನ್‌ಶಾಟ್ ತೆಗೆದಿಡಿ, ಮುಂದೆ ದೂರು ಕೊಡಬೇಕಾಗಿ ಬಂದರೆ ನಿಮ್ಮ ಕಡೆಯ ಆಧಾರ ಅದೇ. ‘4ಕೆ ಸಪೋರ್ಟ್ ಇದೆ’ ಅಂತ ಮಾತ್ರ ಬಂದರೆ ಆ ಮಾನಿಟರ್ ಬಿಟ್ಟುಬಿಡಿ. ತಂದ ದಿನವೇ ಗೆರೆಗಳ ಪರೀಕ್ಷೆ ಮಾಡಿ. ಆ ದಿನವೇ ನೀವು ಓದುವ ಭಾಷೆಯ ಒಂದು ಪುಟವನ್ನು, ದಿನಾ ಓದುವಷ್ಟೇ ಸಣ್ಣ ಅಕ್ಷರದಲ್ಲಿ ತೆರೆದು, ನಿಧಾನವಾಗಿ ಕೊನೆಯವರೆಗೆ ಓದಿ.